ಡೇರಿ ಪುಸ್ತಕಕ್ಕೂ ಪ್ರಾಜೆಕ್ಟ್ ಲೆಕ್ಕಕ್ಕೂ ತಾಳೆ ಬರದಿದ್ದರೆ: ದೋಷ ಹುಡುಕುವ ಬಗೆ

ಕೋಲಾರದ ಕಡೆ ಬಿಸಿಎ, ಡಿಪ್ಲೊಮಾ ಓದುವವರು ಕೊನೆ ವರ್ಷದ ಪ್ರಾಜೆಕ್ಟ್‌ಗೆ ಊರಿನ ಹಾಲು ಡೇರಿಯ ಲೆಕ್ಕವನ್ನೇ ಆರಿಸಿಕೊಂಡರೆ ಆಶ್ಚರ್ಯವೇನಿಲ್ಲ. ಎಷ್ಟೋ ಜನರ ಮನೆಯಲ್ಲಿ ಹಸು ಇದೆ. ಡೇರಿ ಕಾರ್ಯದರ್ಶಿ ಪರಿಚಯದವರೇ ಆಗಿರುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ), ದರ, ಬಟವಾಡೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ವಿಷಯ ಒಳ್ಳೆಯದು, ಇದರಿಂದ ಕಲಿಯುವುದೂ ಜಾಸ್ತಿ ಇದೆ. ಆದರೆ ಇಂಥ ಪ್ರಾಜೆಕ್ಟ್‌ಗಳಲ್ಲಿ ಒಂದು ತೊಂದರೆ ಮತ್ತೆ ಮತ್ತೆ ಬರುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಎಲ್ಲವೂ ಸರಿ. ಡೇರಿಗೆ ತಂದು ಹದಿನೈದು ದಿನ ನಡೆಸಿದರೆ ಬಟವಾಡೆ ದಿನ ಲೆಕ್ಕ ಪುಸ್ತಕಕ್ಕೆ ಕೂಡುವುದಿಲ್ಲ.

ಆ ತೊಂದರೆಯನ್ನು ಹೇಗೆ ಹುಡುಕುವುದು ಅನ್ನೋದೇ ಇಲ್ಲಿನ ವಿಷಯ. ಉದಾಹರಣೆಗೆ ಇಟ್ಟುಕೊಂಡಿರುವುದು ಸಾಮಾನ್ಯ ಜೋಡಣೆ: ಮೊಬೈಲ್ ಬ್ರೌಸರ್‌ನಲ್ಲಿ ತೆರೆಯುವ ಪುಟ, ಅದರಲ್ಲಿ ಜಾವಾಸ್ಕ್ರಿಪ್ಟ್, ಹಿಂದೆ ಪೈಥಾನ್, ದತ್ತಾಂಶಕ್ಕೆ ಎಸ್‌ಕ್ಯೂಲೈಟ್. ನಿಮ್ಮದು ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಆಗಿದ್ದರೂ ಹುಡುಕುವ ದಾರಿ ಬದಲಾಗುವುದಿಲ್ಲ.

ಮೊದಲು ದೋಷವನ್ನು ಸರಿಯಾಗಿ ಬರೆದುಕೊಳ್ಳಿ

"ಸಾರ್, ಟೋಟಲ್ ತಪ್ಪು ಬರ್ತಿದೆ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: ಸದಸ್ಯ ಸಂಖ್ಯೆ 47. ಜನವರಿ 15ನೇ ತಾರೀಕು, ಸಂಜೆ ಹಾಲು. ಪುಸ್ತಕದಲ್ಲಿ 6.5 ಲೀಟರ್ ಒಂದೇ ಸಾಲು. ನಮ್ಮ ಪರದೆಯಲ್ಲಿ ಅದೇ ಸಂಜೆಗೆ ಎರಡು ಸಾಲು, 6.5 ಮತ್ತು 7.2. ಜನವರಿ 16ರ ಬೆಳಿಗ್ಗೆ ಪುಸ್ತಕದಲ್ಲಿ 7.2 ಇದೆ, ಪರದೆಯಲ್ಲಿ ಏನೂ ಇಲ್ಲ.

ಇಷ್ಟು ಬರೆದಾಗಲೇ ಅರ್ಧ ಕೆಲಸ ಮುಗಿಯಿತು, ಅಲ್ವಾ? 7.2 ಲೀಟರ್ ಎಲ್ಲೂ ಕಳೆದುಹೋಗಿಲ್ಲ. ಬೆಳಿಗ್ಗೆಯ ಹಾಲು ಹಿಂದಿನ ಸಂಜೆಗೆ ಹೋಗಿ ಕೂತಿದೆ.

ಹೀಗೆ ಒಂದು ಸಾಲಿನ ಮಟ್ಟಕ್ಕೆ ಇಳಿಯುವ ತನಕ ಕೋಡ್ ಮುಟ್ಟಬೇಡಿ. ಆಮೇಲೆ ಮೊದಲು ನೋಡಬೇಕಾದ್ದು ಡೇಟಾಬೇಸ್. ಲೆಕ್ಕ ಮೂರು ಕಡೆ ಕೆಡಬಹುದು: ಎಂಟ್ರಿ ಹಾಕುವಾಗ, ಉಳಿಸುವಾಗ, ಓದಿ ಕೂಡುವಾಗ. ನಡುವಿನದನ್ನು ತೆರೆದು ನೋಡಿದರೆ ಎರಡರಲ್ಲಿ ಒಂದು ಕಡೆ ಕೂಡಲೇ ಬಿಟ್ಟುಹೋಗುತ್ತದೆ. ಟೇಬಲ್‌ನಲ್ಲಿರುವ ಸಾಲೇ ತಪ್ಪಾಗಿದ್ದರೆ ವರದಿಯ ಕೋಡನ್ನು ಸದ್ಯಕ್ಕೆ ಮರೆತುಬಿಡಿ. ಟೇಬಲ್ ಸರಿಯಿದ್ದು ವರದಿ ತಪ್ಪಾಗಿದ್ದರೆ ಎಂಟ್ರಿ ಪುಟವನ್ನು ಮರೆತುಬಿಡಿ. ಎಸ್‌ಕ್ಯೂಲೈಟ್ ಫೈಲನ್ನು ತೆರೆದು ನೋಡಲು ಉಚಿತ ಸಾಧನಗಳಿವೆ. ಒಂದನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ. ನೋಡುವ ಮುಂಚೆ ಫೈಲಿನ ಒಂದು ಪ್ರತಿ ತೆಗೆದಿಡಿ.

ವ್ಯತ್ಯಾಸ ಯಾವ ತರಹದ್ದು?

ವ್ಯತ್ಯಾಸವನ್ನು ನೋಡಿದರೇ ದೋಷ ಯಾವ ಕಡೆ ಇದೆ ಅಂತ ಬಹುಪಾಲು ಸಲ ಗೊತ್ತಾಗುತ್ತದೆ.

ತಿಂಗಳ ಒಟ್ಟು ಲೀಟರ್ ಹೆಚ್ಚುಕಡಿಮೆ ಸರಿಯಾಗಿದೆ, ಆದರೆ ದಿನದಿನದ ಲೆಕ್ಕ ಕೂಡುತ್ತಿಲ್ಲ ಅಂದರೆ ದಿನಾಂಕ ಜಾರುತ್ತಿದೆ. ಒಟ್ಟು ಪುಸ್ತಕಕ್ಕಿಂತ ಜಾಸ್ತಿ ಇದ್ದರೆ ಯಾವುದೋ ಎಂಟ್ರಿ ಎರಡು ಸಲ ಬಿದ್ದಿದೆ. ಕಡಿಮೆ ಇದ್ದರೆ ಎಂಟ್ರಿ ಉಳಿದೇ ಇಲ್ಲ, ಇಲ್ಲವೇ ವರದಿಯ ಜರಡಿಯಲ್ಲಿ ಸೋರಿಹೋಗಿದೆ. ಲೀಟರ್ ಸರಿ, ಹಣದಲ್ಲಿ ಎಲ್ಲರಿಗೂ ಕೆಲವು ಪೈಸೆ ಆಚೀಚೆ ಅಂದರೆ ಅದು ರೌಂಡಿಂಗ್. ಕೆಲವರಿಗೆ ಮಾತ್ರ, ಅದೂ ಕೆಲವು ದಿನ ಮಾತ್ರ ಹಣ ಸೊನ್ನೆ ಅಂದರೆ ದರಪಟ್ಟಿಯನ್ನು ಹುಡುಕುವ ಕಡೆ ನೋಡಿ. ಒಬ್ಬರ ಹೆಸರಿನಲ್ಲಿ ಪೂರ್ತಿ ಖಾಲಿ ಇದ್ದರೆ ಹೆಸರಿನ ಅಕ್ಷರದಲ್ಲೇ ತೊಡಕಿರುತ್ತದೆ.

ಇವು ಒಂದೊಂದಾಗಿಯೇ ಬರುತ್ತವೆ ಅಂತೇನಿಲ್ಲ. ಒಂದು ಇನ್ನೊಂದನ್ನು ಮುಚ್ಚಿಡುವುದೂ ಉಂಟು.

5:30ಕ್ಕೆ ಮುಂಚಿನ ಹಾಲು

ಮೇಲಿನ 47ನೇ ನಂಬರಿನ ಕತೆಗೆ ಬರೋಣ. ಇದೇ ಎಲ್ಲಕ್ಕಿಂತ ಜಾಣತನದ ದೋಷ. ಲ್ಯಾಬ್‌ನಲ್ಲಿ ಯಾಕೆ ಸಿಗುವುದಿಲ್ಲ ಅನ್ನೋದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಬೆಳಗಿನ ಜಾವ ಡೇರಿಯ ಮುಂದೆ ಕ್ಯಾನುಗಳ ಸಾಲು. ಮೊದಲು ಬಂದವರ ಹಾಲು ಅಳೆದು, ಸ್ಯಾಂಪಲ್ ತೆಗೆದು, ಯಂತ್ರಕ್ಕೆ ಕೊಟ್ಟು, ನಂಬರ್ ಒತ್ತಿದಾಗ ಗಡಿಯಾರದಲ್ಲಿ 5:10. ಪುಟದಲ್ಲಿ ದಿನಾಂಕ ತೆಗೆಯಲು ವಿದ್ಯಾರ್ಥಿಗಳು ಬಳಸಿರುವುದು ಜಾವಾಸ್ಕ್ರಿಪ್ಟ್‌ನ ಟು-ಐಎಸ್‌ಒ-ಸ್ಟ್ರಿಂಗ್ ಎಂಬ ಫಂಕ್ಷನ್. ಅದರ ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡರೆ ವರ್ಷ, ತಿಂಗಳು, ದಿನ ಚೆನ್ನಾಗಿ ಸಿಗುತ್ತದೆ. ನೋಡಲು ಚೊಕ್ಕ. ಆದರೆ ಆ ಫಂಕ್ಷನ್ ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಅಳತೆಗೋಲಾಗಿರುವ ಸಮಯ. ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ನಮಗೆ 16ರ ಬೆಳಿಗ್ಗೆ 5:10 ಆದಾಗ ಅದರ ಪ್ರಕಾರ ಇನ್ನೂ 15ನೇ ತಾರೀಕು ರಾತ್ರಿ 23:40.

ಇನ್ನೂ ಒಂದಿದೆ. ಬೆಳಿಗ್ಗೆಯೋ ಸಂಜೆಯೋ ಅನ್ನೋದನ್ನೂ ಅದೇ ಸ್ಟ್ರಿಂಗ್‌ನ ಗಂಟೆಯಿಂದ ನಿರ್ಧರಿಸುತ್ತಾರೆ. 12ಕ್ಕಿಂತ ಕಡಿಮೆ ಇದ್ದರೆ ಬೆಳಿಗ್ಗೆ, ಇಲ್ಲದಿದ್ದರೆ ಸಂಜೆ. 23 ಅಂದರೆ ಸಂಜೆ. ಹಾಗಾಗಿ 16ರ ಬೆಳಗಿನ ಹಾಲು 15ರ ಸಂಜೆಗೆ ಹೋಯಿತು. ಸಾಲಿನಲ್ಲಿ ಹಿಂದೆ ನಿಂತು 5:40ಕ್ಕೆ ಹಾಲು ಹಾಕಿದವರ ಲೆಕ್ಕ ಮಾತ್ರ ಸರಿಯಾಗಿ ಬಂದಿತು. ಒಂದೇ ಬೆಳಿಗ್ಗೆ, ಒಂದೇ ಸಾಲು. ಬೇಗ ಎದ್ದವರಿಗೇ ಲೆಕ್ಕ ತಪ್ಪು!

ಸಂಜೆಗೂ ಇದರ ಜೋಡಿ ಇದೆ. ಸಂಜೆ 5:10 ಅಂದರೆ ಯುಟಿಸಿಯಲ್ಲಿ 11:40. 12ಕ್ಕಿಂತ ಕಡಿಮೆ. ಆದ್ದರಿಂದ ಅದು ಅದೇ ದಿನದ ಬೆಳಗಿನ ಹಾಲು ಅಂತ ದಾಖಲಾಗುತ್ತದೆ. 5:30 ದಾಟಿದ ಮೇಲೆ ಸರಿ.

ಲ್ಯಾಬ್‌ನಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 4ರ ತನಕ ಕೂತು ಪರೀಕ್ಷಿಸಿದರೆ ದಿನಾಂಕ ತಪ್ಪುವುದೇ ಇಲ್ಲ. ಮಧ್ಯಾಹ್ನದ ಎಂಟ್ರಿಗೂ "ಬೆಳಿಗ್ಗೆ" ಅಂತ ಬೀಳುತ್ತಿರುತ್ತದೆ. ಆದರೆ ಸುಮ್ನೆ ಹಾಕಿದ ಎಂಟ್ರಿ ತಾನೇ ಅಂತ ಅದನ್ನು ಯಾರೂ ಗಮನಿಸುವುದಿಲ್ಲ.

ಖಚಿತಪಡಿಸಿಕೊಳ್ಳಲು ನಸುಕಿನಲ್ಲಿ ಏಳಬೇಕಾಗಿಲ್ಲ. ಲ್ಯಾಪ್‌ಟಾಪ್‌ನ ಗಡಿಯಾರವನ್ನು 5:10ಕ್ಕೆ ತಿರುಗಿಸಿ, ಸಮಯವಲಯ ಭಾರತದ್ದೇ ಇರಲಿ. ಒಂದು ಎಂಟ್ರಿ ಹಾಕಿ ಟೇಬಲ್ ನೋಡಿ. ಆಮೇಲೆ 5:29, 5:31 ಎರಡನ್ನೂ ನೋಡಿ. ಎರಡರ ನಡುವೆ ದಿನಾಂಕ ಹಾರಿದರೆ ಕಳ್ಳ ಸಿಕ್ಕಿದ. ಇನ್ನೂ ಒಳ್ಳೆಯ ದಾರಿ ಅಂದರೆ ದಿನಾಂಕ ತೆಗೆಯುವ ಫಂಕ್ಷನ್‌ಗೆ ಸಮಯವನ್ನು ಹೊರಗಿನಿಂದ ಕೊಡುವುದು. ಫಂಕ್ಷನ್ ತಾನೇ ಗಡಿಯಾರ ನೋಡಬಾರದು. ಆಗ ಯಾವ ಹೊತ್ತನ್ನು ಬೇಕಾದರೂ ಕೊಟ್ಟು ಕೂತಲ್ಲೇ ಪರೀಕ್ಷಿಸಬಹುದು.

ಪುಟದಲ್ಲಿ ಈ ಫಂಕ್ಷನ್ ಇಲ್ಲ ಅಂತ ನೆಮ್ಮದಿಯಾಗಿರಬೇಡಿ. ಎಸ್‌ಕ್ಯೂಲೈಟ್‌ನಲ್ಲಿ ಕರೆಂಟ್-ಟೈಮ್‌ಸ್ಟ್ಯಾಂಪ್ ಕೊಡುವುದೂ ಯುಟಿಸಿಯೇ. ಪೈಥಾನ್‌ನ ಡೇಟ್‌ಟೈಮ್-ನೌ ತಾನು ಓಡುವ ಕಂಪ್ಯೂಟರ್‌ನ ಸಮಯವಲಯವನ್ನು ಅನುಸರಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಭಾರತದ ಸಮಯ ಬರುತ್ತದೆ, ಯುಟಿಸಿಗೆ ಇಟ್ಟಿರುವ ಸರ್ವರ್‌ಗೆ ಏರಿಸಿದ ಮೇಲೆ ಬರುವುದಿಲ್ಲ. "ಹೋಸ್ಟ್ ಮಾಡಿದ ಮೇಲೆ ಕೆಟ್ಟಿತು" ಅನ್ನುವ ದೂರುಗಳಲ್ಲಿ ಇದನ್ನು ಮೊದಲು ನೋಡಿ.

ಸರಿಮಾಡುವುದು

ಕೋಡ್ ಮಟ್ಟದ ಮದ್ದು ಸುಲಭ. ಜಾವಾಸ್ಕ್ರಿಪ್ಟ್‌ನಲ್ಲಿ ಗೆಟ್-ಫುಲ್-ಇಯರ್, ಗೆಟ್-ಮಂತ್, ಗೆಟ್-ಡೇಟ್ ಬಳಸಿ ದಿನಾಂಕ ಕಟ್ಟಿ, ಇವು ಫೋನಿನ ಸ್ಥಳೀಯ ಸಮಯ ಕೊಡುತ್ತವೆ. ಗೆಟ್-ಮಂತ್ ಜನವರಿಗೆ ಸೊನ್ನೆ ಕೊಡುತ್ತದೆ, ಒಂದು ಕೂಡಿಸಲು ಮರೆಯಬೇಡಿ. ಪೈಥಾನ್ 3.9ರಿಂದ ಸಮಯವಲಯಕ್ಕೆಂದೇ ಜೋನ್‌ಇನ್ಫೋ ಇದೆ, ಏಷ್ಯಾ/ಕೋಲ್ಕತ್ತಾ ಅಂತ ಕೊಟ್ಟರೆ ಸಾಕು. ವಿಂಡೋಸ್‌ನಲ್ಲಿ ಅದು ವಲಯ ಸಿಗಲಿಲ್ಲ ಅಂತ ಗೊಣಗಿದರೆ ಟಿಜೆಡ್‌ಡೇಟಾ ಪ್ಯಾಕೇಜ್ ಹಾಕಿಕೊಳ್ಳಿ.

ಆದರೆ ನನ್ನ ಪ್ರಕಾರ ನಿಜವಾದ ದೋಷ ಕೋಡ್‌ನಲ್ಲಿಲ್ಲ, ಯೋಜನೆಯಲ್ಲಿದೆ. ಹಾಲಿನ ದಿನಾಂಕ ಬೇರೆ, ಎಂಟ್ರಿ ಹಾಕಿದ ಸಮಯ ಬೇರೆ. ಬೆಳಿಗ್ಗೆ ಕರೆಂಟ್ ಹೋದರೆ ಕಾರ್ಯದರ್ಶಿ ಹಾಳೆಯಲ್ಲಿ ಬರೆದಿಟ್ಟುಕೊಂಡು 9 ಗಂಟೆಗೆ ಎಂಟ್ರಿ ಹಾಕುತ್ತಾರೆ. ಮಳೆ ಹಿಡಿದು ನೆಟ್‌ವರ್ಕ್ ಸತ್ತರೆ ಮಾರನೇ ದಿನ ಹಾಕುತ್ತಾರೆ. ಆಗ ಯಾವ ಸಮಯವಲಯ ಸರಿಯಿದ್ದೂ ಏನು ಪ್ರಯೋಜನ? ಟೇಬಲ್‌ನಲ್ಲಿ ಎರಡಕ್ಕೂ ಎರಡು ಕಾಲಂ ಇರಲಿ. ಹಾಲಿನ ದಿನಾಂಕ ಬರೀ ದಿನಾಂಕವಾಗಿರಲಿ. ಬೆಳಿಗ್ಗೆ ಅಥವಾ ಸಂಜೆ ಅನ್ನೋದು ಪರದೆಯ ಮೇಲೆ ಎರಡು ದೊಡ್ಡ ಬಟನ್ ಆಗಿರಲಿ. ಪ್ರೋಗ್ರಾಂ ಒಂದನ್ನು ಊಹಿಸಿ ತೋರಿಸಬಹುದು, ಕಾರ್ಯದರ್ಶಿ ಬದಲಿಸುವಂತಿರಬೇಕು. ಎಂಟ್ರಿಯ ಸಮಯ ಸುಮ್ಮನೆ ಪಕ್ಕದಲ್ಲಿ ದಾಖಲಾಗಲಿ. ನಾಳೆ ದೋಷ ಹುಡುಕುವಾಗ ಅದೇ ಕೈಹಿಡಿಯುವುದು.

ಪ್ರಾಜೆಕ್ಟ್ ಶುರು ಮಾಡುವ ಮುಂಚೆ "ಅಣ್ಣಾ, ಕರೆಂಟ್ ಇಲ್ಲದಿದ್ದಾಗ ಏನ್ ಮಾಡ್ತೀರಿ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಈ ಎರಡು ಕಾಲಂ ಮೊದಲೇ ಬರುತ್ತಿದ್ದವು. ಸಿನಾಪ್ಸಿಸ್‌ನಲ್ಲಿ ಡೇಟಾ ಫ್ಲೋ ಚಿತ್ರ ಅಂದವಾಗಿ ಬರೆದಿರುತ್ತಾರೆ, ಡೇರಿಯ ಬಾಗಿಲಲ್ಲಿ ಒಂದು ಬೆಳಿಗ್ಗೆ ನಿಂತಿರುವುದಿಲ್ಲ.

ಸರಿಮಾಡಲು ಹೋಗಿ ಹುಟ್ಟುವ ದೋಷ

ಕೆಲವರು ಎರಡು ಕಾಲಂ ಮಾಡುವುದಿಲ್ಲ. ಇದ್ದ ದಿನಾಂಕದ ಕಾಲಂನಲ್ಲೇ ಸಮಯವನ್ನೂ ಸೇರಿಸಿಬಿಡುತ್ತಾರೆ. ಆಗ ಬೆಳಗಿನ ದೋಷ ಹೋಗುತ್ತದೆ, ಬೇರೊಂದು ಎದ್ದು ಕೂರುತ್ತದೆ. 1ರಿಂದ 15ರ ಬಟವಾಡೆಯಲ್ಲಿ 15ನೇ ತಾರೀಕಿನ ಹಾಲು ಇಡೀ ಮಾಯ.

ಕಾರಣ ವರದಿಯ ಕ್ವೆರಿಯಲ್ಲಿ "ಇಲ್ಲಿಂದ ಇಲ್ಲಿಯ ತನಕ" ಅನ್ನಲು ಬಳಸುವ ಬಿಟ್ವೀನ್. "1ನೇ ತಾರೀಕಿನಿಂದ 15ನೇ ತಾರೀಕಿನ ತನಕ" ಅಂತ ಬರೆದರೆ ಕಾಲಂನಲ್ಲಿ ಬರೀ ದಿನಾಂಕ ಇದ್ದಾಗ 15 ಸೇರುತ್ತದೆ. ಸಮಯವೂ ಇದ್ದರೆ ಮೈಎಸ್‌ಕ್ಯೂಎಲ್ ಆ 15ನ್ನು 15 ಶುರುವಾಗುವ ನಡುರಾತ್ರಿಯ ಸೊನ್ನೆ ಗಂಟೆ ಅಂತ ತಿಳಿಯುತ್ತದೆ. ಆಮೇಲಿನದೆಲ್ಲ ಹೊರಗೆ. ಎಸ್‌ಕ್ಯೂಲೈಟ್‌ನಲ್ಲಿ ಅಕ್ಷರಗಳ ಹೋಲಿಕೆ ನಡೆಯುತ್ತದೆ, ಫಲ ಅದೇ. ಮದ್ದು: "1ನೇ ತಾರೀಕು ಅಥವಾ ಆಮೇಲೆ, 16ಕ್ಕಿಂತ ಮುಂಚೆ" ಅಂತ ಬರೆಯಿರಿ.

ಇದನ್ನು ಹಿಡಿಯುವುದು ಸುಲಭ. ಬಟವಾಡೆಯ ಮೊದಲ ದಿನ ಒಂದು, ಕೊನೆಯ ದಿನ ಒಂದು, ಆಚೆಯ ದಿನ ಒಂದು, ಹೀಗೆ ಮೂರು ಎಂಟ್ರಿ ಹಾಕಿ ವರದಿ ತೆಗೆಯಿರಿ. ಎರಡು ಬರಬೇಕು. ಒಂದು ಬಂದರೂ ತಪ್ಪು, ಮೂರು ಬಂದರೂ ತಪ್ಪು.

ಒಂದು ಸರಿಮಾಡಿದಾಗ ಇನ್ನೊಂದು ಕೆಟ್ಟಿತೇ ಅಂತ ತಿಳಿಯಬೇಕಾದರೆ ಹಿಂದಿನ ಕೋಡ್ ಕೈಯಲ್ಲಿರಬೇಕು. "ಫೈನಲ್", "ಫೈನಲ್ ಹೊಸದು", "ಫೈನಲ್ ಲಾಸ್ಟ್" ಅಂತ ಫೋಲ್ಡರ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ಓಡಾಡುವ ಬದಲು ಕೋಡ್‌ನ ಪ್ರತಿ ಹಂತವನ್ನೂ ನೆನಪಿಟ್ಟುಕೊಳ್ಳುವ ಗಿಟ್ ಬಳಸಿ. ಒಂದು ಬದಲಾವಣೆಗೆ ಒಂದು ಕಮಿಟ್, ಅಂದರೆ ಒಂದು ದಾಖಲೆ. ಎರಡು ದೋಷವನ್ನು ಒಟ್ಟಿಗೆ ಸರಿಮಾಡಲು ಹೋಗಬೇಡಿ. ಹಾಗೆ ಮಾಡಿದರೆ ಯಾವ ಮದ್ದು ಯಾವುದಕ್ಕೆ ತಾಗಿತು ಅನ್ನೋದೇ ತಿಳಿಯುವುದಿಲ್ಲ.

ಎರಡು ಸಲ ಬಿದ್ದ ಹಾಲು

ನೆಟ್‌ವರ್ಕ್ ನಿಧಾನ. "ಸೇವ್" ಒತ್ತಿದರು, ಏನೂ ಕಾಣಲಿಲ್ಲ, ಇನ್ನೊಮ್ಮೆ ಒತ್ತಿದರು. ಎರಡೂ ಸರ್ವರ್ ತಲುಪಿದವು. ಟೇಬಲ್‌ನಲ್ಲಿ ಲೀಟರ್, ಫ್ಯಾಟ್ ಎಲ್ಲ ಒಂದೇ ಇರುವ ಎರಡು ಸಾಲು, ಎಂಟ್ರಿ ಸಮಯದಲ್ಲಿ ಮಾತ್ರ ಕೆಲವು ಸೆಕೆಂಡ್ ಅಂತರ. ಎಂಟ್ರಿ ಸಮಯದ ಕಾಲಂ ಇದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಒತ್ತಿದ ಮೇಲೆ ಬಟನ್ ಮಂಕಾಗುವಂತೆ ಮಾಡಿ. ಆದರೆ ಅಷ್ಟೇ ಸಾಲದು. ಪುಟವನ್ನು ರಿಫ್ರೆಶ್ ಮಾಡಿದರೆ ಬಟನ್ ಮತ್ತೆ ಜೀವ ತಾಳುತ್ತದೆ. ಡೇಟಾಬೇಸ್‌ನಲ್ಲೇ ಸದಸ್ಯ ಸಂಖ್ಯೆ, ಹಾಲಿನ ದಿನಾಂಕ, ಹೊತ್ತು, ಈ ಮೂರಕ್ಕೂ ಸೇರಿ ಯುನೀಕ್ ನಿರ್ಬಂಧ ಹಾಕಿ, ಮೂರೂ ಒಂದೇ ಇರುವ ಎರಡನೇ ಸಾಲು ಒಳಗೆ ಬರುವುದಿಲ್ಲ. ಎಮ್ಮೆ ಹಾಲನ್ನು ಬೇರೆ ಅಳೆಯುವ ಡೇರಿ ಆದರೆ ಹಾಲಿನ ಬಗೆಯನ್ನೂ ಸೇರಿಸಿ, ಇಲ್ಲದಿದ್ದರೆ ಹಸು, ಎಮ್ಮೆ ಎರಡೂ ಇಟ್ಟವರ ಒಂದು ಹಾಲು ಒಳಗೇ ಬರುವುದಿಲ್ಲ.

ಒಂದು ಎಚ್ಚರಿಕೆ. ಮೇಲೆ ಹೇಳಿದ 5:30ರ ದೋಷ ಸರಿಮಾಡದೆ ಈ ನಿರ್ಬಂಧ ಹಾಕಿದರೆ ಪರಿಸ್ಥಿತಿ ಕೆಡುತ್ತದೆ. 16ರ ಬೆಳಗಿನ ಹಾಲು 15ರ ಸಂಜೆ ಅಂತ ಹೋಗುತ್ತದೆ. ಅಲ್ಲಿ ಆಗಲೇ ಒಂದು ಸಾಲು ಇದೆ. "ಈಗಾಗಲೇ ದಾಖಲಾಗಿದೆ" ಅಂತ ಪ್ರೋಗ್ರಾಂ ಹಾಲನ್ನೇ ವಾಪಸ್ ಕಳಿಸುತ್ತದೆ. ಆ ಸಂದೇಶವನ್ನು ನೋಡಿ ನಿರ್ಬಂಧವೇ ತಪ್ಪು ಅಂತ ಅದನ್ನು ಕಿತ್ತುಹಾಕಬೇಡಿ. ಅದು ನಿಜವನ್ನೇ ಹೇಳುತ್ತಿದೆ.

ಪೈಸೆ, ಫ್ಯಾಟ್, ದರಪಟ್ಟಿ

ಕಂಪ್ಯೂಟರ್ ದಶಮಾಂಶವನ್ನು ಎರಡರ ಘಾತದಲ್ಲಿ ಇಟ್ಟುಕೊಳ್ಳುತ್ತದೆ. 0.1 ಅದಕ್ಕೆ ನಿಖರವಾಗಿ ಸಿಗುವುದಿಲ್ಲ. ಪೈಥಾನ್‌ನಲ್ಲಿ 2.675ನ್ನು ಎರಡು ಸ್ಥಾನಕ್ಕೆ ರೌಂಡ್ ಮಾಡಿ ನೋಡಿ, 2.67 ಬರುತ್ತದೆ. ಕೈಲೆಕ್ಕದಲ್ಲಿ 2.68. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಇಲ್ಲವೇ ದಶಮಾಂಶವನ್ನು ಇದ್ದಂತೆಯೇ ಇಡುವ ಪೈಥಾನ್‌ನ ಡೆಸಿಮಲ್ ಬಳಸಿ, ಹೇಗೆ ರೌಂಡ್ ಆಗಬೇಕು ಅಂತ ನೀವೇ ಹೇಳಿ.

ರೌಂಡಿಂಗ್ ಮೇಲೆ ಎಲ್ಲ ತಪ್ಪನ್ನೂ ಹೊರಿಸುವ ಅಭ್ಯಾಸವೂ ಇದೆ. ಅದಕ್ಕೊಂದು ಮಿತಿ ಹಾಕಿಕೊಳ್ಳಿ. 15 ದಿನಕ್ಕೆ ಎರಡು ಹೊತ್ತಿನಂತೆ 30 ಎಂಟ್ರಿ. ಪುಸ್ತಕದಲ್ಲಿ ಪ್ರತಿ ಎಂಟ್ರಿಯನ್ನೂ ರೌಂಡ್ ಮಾಡುತ್ತಾರೆ, ನಿಮ್ಮ ಪ್ರೋಗ್ರಾಂ ಕೊನೆಯಲ್ಲಿ ಒಮ್ಮೆ ಮಾಡುತ್ತದೆ ಅಂದುಕೊಳ್ಳಿ. ಒಂದು ಎಂಟ್ರಿಗೆ ಹೆಚ್ಚೆಂದರೆ ಅರ್ಧ ಪೈಸೆ ವ್ಯತ್ಯಾಸ, ಎಲ್ಲ ಒಂದೇ ಕಡೆ ವಾಲಿದರೂ ಸುಮಾರು 15 ಪೈಸೆ. ಉಳಿದ ಪೈಸೆಯ ಚೂರನ್ನು ಬಿಟ್ಟುಬಿಡುವ ಪದ್ಧತಿ ಇದ್ದರೆ 30 ಪೈಸೆ. ಒಬ್ಬ ಸದಸ್ಯರಿಗೆ ಎರಡು ರೂಪಾಯಿ ಆಚೀಚೆ ಬಂದಿದ್ದರೆ ಅದು ರೌಂಡಿಂಗ್ ಅಲ್ಲ, ಮುಂದೆ ಹುಡುಕಿ.

ದರಪಟ್ಟಿಯ ದೋಷ ಇನ್ನೂ ವಿಚಿತ್ರ. 3.2 ಫ್ಯಾಟ್ ಬಂದವರಿಗೆ ದರ ಬರುತ್ತದೆ, 3.3 ಬಂದವರಿಗೆ ಸೊನ್ನೆ. ಲೂಪ್ ಹಾಕಿ 3.0ಕ್ಕೆ 0.1 ಕೂಡಿಸುತ್ತಾ ಪಟ್ಟಿ ಕಟ್ಟಿದ್ದಾರಾ ನೋಡಿ. 3.1 ಸರಿ, 3.2 ಸರಿ, ಮುಂದಿನದು 3.3000000000000003 ಆಗುತ್ತದೆ. ಯಂತ್ರದಿಂದ ಬಂದ 3.3ಕ್ಕೂ ಅದಕ್ಕೂ ಹೊಂದುವುದಿಲ್ಲ. ಫ್ಯಾಟನ್ನು ಹತ್ತರಿಂದ ಗುಣಿಸಿ 33 ಅಂತ ಪೂರ್ಣಾಂಕವಾಗಿ ಇಟ್ಟರೆ ಮುಗಿಯಿತು. ದರ ಸಿಗದಿದ್ದಾಗ ಸೊನ್ನೆ ಹಾಕುವ ಅಭ್ಯಾಸ ಬಿಡಿ. ದರ ಸಿಗಲಿಲ್ಲ ಅಂತ ಪರದೆಯ ಮೇಲೆ ಕೂಗಿ ಹೇಳಲಿ. ಸೊನ್ನೆಯನ್ನು ಬಟವಾಡೆಯ ತನಕ ಯಾರೂ ನೋಡುವುದಿಲ್ಲ.

ಎಸ್‌ಎನ್‌ಎಫ್ ಲೆಕ್ಕ ಹಾಕುವ ಸೂತ್ರದ ಸ್ಥಿರಾಂಕಗಳು ಎಲ್ಲ ಕಡೆ ಒಂದೇ ಅಲ್ಲ. ಇಂಟರ್‌ನೆಟ್‌ನಲ್ಲಿ ಸಿಕ್ಕ ಮೊದಲನೆಯದನ್ನು ಹಾಕಿಕೊಳ್ಳದೆ ಆ ಡೇರಿಯಲ್ಲಿ ಬಳಸುವುದನ್ನೇ ಕೇಳಿ ಬರೆದುಕೊಳ್ಳಿ.

ಕನ್ನಡ ಅಕ್ಷರ

ಇದು ಬೇಗ ಮುಗಿಯುವ ವಿಷಯ. ಕನ್ನಡ ಅಂಕಿಯಲ್ಲಿ ೬.೫ ಅಂತ ಟೈಪಿಸಿದರೆ ಪೈಥಾನ್ ಅದನ್ನು ಸಂಖ್ಯೆಯಾಗಿ ಓದುತ್ತದೆ, ಜಾವಾಸ್ಕ್ರಿಪ್ಟ್ ಓದುವುದಿಲ್ಲ. ಹೆಸರು ಹುಡುಕಿದರೆ ಸಿಗುತ್ತಿಲ್ಲ, ಆದರೆ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದೆ ಅಂದರೆ ಯೂನಿಕೋಡ್ ಜೋಡಣೆ ನೋಡಿ. "ಕೊ" ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡಾಗಿ ಒಡೆದೂ ಇಡಬಹುದು. ನೋಡಲು ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿಗೆ, ಅಂದರೆ ಒಡೆದದ್ದನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್ ರೂಪಕ್ಕೆ, ತಂದುಕೊಳ್ಳಿ. ಡೇರಿಯ ಹಳೆಯ ಪಟ್ಟಿಯನ್ನು ಹಳೆ ನುಡಿ ಫಾಂಟ್‌ನಲ್ಲಿ ಟೈಪಿಸಿದ್ದರೆ ಅದು ಯೂನಿಕೋಡ್ ಅಲ್ಲ, ಮೊದಲು ಪರಿವರ್ತಿಸಬೇಕು. ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆದುಹೋದರೆ ಬ್ರೌಸರ್‌ನ ಪ್ರಿಂಟ್‌ನಿಂದಲೇ ಪಿಡಿಎಫ್ ಮಾಡಿಸಿ, ಅಲ್ಲಿ ಅಕ್ಷರ ಕೂಡಿಕೊಂಡೇ ಬರುತ್ತದೆ. ಏನೇ ಆದರೂ ಲೆಕ್ಕ ಹೆಸರಿನ ಮೇಲೆ ನಿಲ್ಲಬಾರದು, ಸದಸ್ಯ ಸಂಖ್ಯೆಯ ಮೇಲೆ ನಿಲ್ಲಬೇಕು. ಒಂದೇ ಊರಲ್ಲಿ ಎಷ್ಟು ಜನ ಮುನಿಯಪ್ಪ, ವೆಂಕಟೇಶಪ್ಪ ಇರುತ್ತಾರೆ ಅಂತ ನಿಮಗೇ ಗೊತ್ತು.

ಪರೀಕ್ಷೆಗೆ ಹಳೆ ಪುಸ್ತಕ ತನ್ನಿ

ಪ್ರಾಜೆಕ್ಟ್ ವರದಿಯ ಟೆಸ್ಟಿಂಗ್ ಅಧ್ಯಾಯದಲ್ಲಿ "ಲಾಗಿನ್ ಸರಿ ಪಾಸ್‌ವರ್ಡ್: ಪಾಸ್" ಅಂತ ಪುಟ ತುಂಬಿಸುವುದರಿಂದ ಮೇಲಿನ ಒಂದು ದೋಷವೂ ಸಿಗುವುದಿಲ್ಲ. ಕಾರ್ಯದರ್ಶಿಯನ್ನು ಕೇಳಿ ಮುಗಿದುಹೋದ ಒಂದು ಬಟವಾಡೆಯ ಪುಟಗಳನ್ನು ನಕಲು ಮಾಡಿಕೊಳ್ಳಿ. ಹೆಸರು ಬೇಡ, ಸಂಖ್ಯೆ ಸಾಕು. ಅದನ್ನು ಪೂರ್ತಿ ಎಂಟ್ರಿ ಹಾಕಿ, ಪುಸ್ತಕದ ಕೊನೆಯ ಮೊತ್ತಕ್ಕೆ ಹೋಲಿಸಿ. ಉತ್ತರ ಮೊದಲೇ ಗೊತ್ತಿರುವ ಪರೀಕ್ಷೆ ಇದು. ಕಾಲ್ಪನಿಕ ದತ್ತಾಂಶದಲ್ಲಿ ಎಲ್ಲರೂ 10 ಲೀಟರ್, 4.0 ಫ್ಯಾಟ್ ಹಾಕಿರುತ್ತಾರೆ. 3.3 ಎಲ್ಲಿಂದ ಬರಬೇಕು?

ಅದರ ಜೊತೆಗೆ ಸಿಕ್ಕ ಪ್ರತಿ ದೋಷಕ್ಕೂ ಒಂದು ಪುಟ್ಟ ಟೆಸ್ಟ್ ಬರೆದಿಡಿ: 5:10ರ ಹಾಲು, ಸಂಜೆ 5:10ರ ಹಾಲು, 15 ಮತ್ತು 16ರ ಗಡಿ, ಎರಡು ಸಲ ಒತ್ತಿದ ಸೇವ್, 3.3 ಫ್ಯಾಟ್. ಮೊದಲು ಹಳೆ ಕೋಡ್ ಮೇಲೆ ಓಡಿಸಿ, ಟೆಸ್ಟ್ ಫೇಲ್ ಆಗಬೇಕು. ಆಮೇಲೆ ಸರಿಮಾಡಿದ ಕೋಡ್ ಮೇಲೆ ಓಡಿಸಿ. ಹಳೆ ಕೋಡ್ ಮೇಲೂ ಪಾಸ್ ಆಗುವ ಟೆಸ್ಟ್ ಆ ದೋಷವನ್ನು ಮುಟ್ಟಿಯೇ ಇಲ್ಲ. ವೈವಾದಲ್ಲಿ ಎಕ್ಸ್‌ಟರ್ನಲ್ ಪರೀಕ್ಷಕರು ಟೆಸ್ಟಿಂಗ್ ಬಗ್ಗೆ ಕೇಳಿದರೆ ತೋರಿಸಲು ಇದಕ್ಕಿಂತ ಒಳ್ಳೆಯದು ಸಿಗಲಾರದು.

ಆಗಲೇ ಕೆಟ್ಟಿರುವ ಸಾಲುಗಳು

ಕೋಡ್ ಸರಿಯಾದ ಮಾತ್ರಕ್ಕೆ ಟೇಬಲ್‌ನಲ್ಲಿ ಕೂತಿರುವ ತಪ್ಪು ದಿನಾಂಕಗಳು ಸರಿಯಾಗುವುದಿಲ್ಲ. ಎಂಟ್ರಿ ಸಮಯ ಯುಟಿಸಿಯಲ್ಲಿ ಪಕ್ಕದ ಕಾಲಂನಲ್ಲಿದ್ದರೆ 5 ಗಂಟೆ 30 ನಿಮಿಷ ಕೂಡಿಸಿ ದಿನಾಂಕ, ಹೊತ್ತು ಎರಡನ್ನೂ ಮತ್ತೆ ಲೆಕ್ಕ ಹಾಕಬಹುದು. ತಡವಾಗಿ ಹಾಕಿದ ಎಂಟ್ರಿಗಳನ್ನು ಈ ಲೆಕ್ಕದಿಂದ ಹೊರಗಿಡಿ. ಬರೀ ದಿನಾಂಕ ಉಳಿಸಿದ್ದರೆ ಯಾವ ಸಾಲು ಜಾರಿದೆ ಅಂತ ಕಂಪ್ಯೂಟರ್ ಹೇಳಲಾರದು. ಒಬ್ಬರಿಗೆ ಒಂದೇ ಹೊತ್ತಿನಲ್ಲಿ ಎರಡು ಸಾಲು ಇರುವ ಕಡೆ ಗುರುತು ಹಾಕಿಕೊಂಡು ಪುಸ್ತಕದ ಮುಂದೆ ಕೂರಬೇಕು. ಹೊಸ ದಿನಾಂಕವನ್ನು ಹಳೆಯದರ ಮೇಲೆ ಬರೆಯದೆ ಬೇರೆ ಕಾಲಂನಲ್ಲಿ ಇಡಿ. ಎರಡನ್ನೂ ಅಕ್ಕಪಕ್ಕ ಪ್ರಿಂಟ್ ಮಾಡಿ ಕಾರ್ಯದರ್ಶಿಗೆ ಕೊಡಿ. ಅವರು ಪ್ರತಿ ಸಾಲಿಗೂ ಟಿಕ್ ಹಾಕಿ ಕೊಟ್ಟ ಮೇಲೆ ಬದಲಿಸಿ. ಹಳೆ ಡೇಟಾಬೇಸ್ ಫೈಲನ್ನು ಮುಂದಿನ ಬಟವಾಡೆ ಮುಗಿಯುವ ತನಕ ಅಳಿಸಬೇಡಿ.